ಹಾಲೆಂಡಿನ ಮಾವಿನ ತೋಪು

ನಮ್ಮ ಭಾವನವರಿಗೆ ಹಾಲೆಂಡ್ ದೇಶದಲ್ಲಿ ಒಂದು ಮಾವಿನ ತೋಪಿದೆ. ನಗಬೇಡಿ! ಬೆಟ್ಟದ ತಪ್ಪಲಲ್ಲಿದೆ, ಪಕ್ಕದಲ್ಲಿ ಹೊಳೆ ಹರಿಯುತ್ತದೆ, ಬೆಟ್ಟದ ಮೇಲೆ ಕೋಟೆಯೂ ಇದೆ. ಭಾವನವರು ಹಾಲೆಂಡಿಗೆ ಹೋದವರಲ್ಲ. ಅತ್ತಿಬೆಲೆ ದಾಟಿದರೇ ಅವರಿಗೆ ತಲೆನೋವು ಬರುತ್ತದೆ. ಆದರೂ ಆ ತೋಪಿನ ಯಾವ ಮರ ಈ ವರ್ಷ ಚೆನ್ನಾಗಿ ಕಾಯಿ ಬಿಡುತ್ತದೆ, ಯಾವುದು ಮೋಸ ಮಾಡುತ್ತದೆ ಎಂದು ಕೂತಲ್ಲೇ ಹೇಳುತ್ತಾರೆ. ಇಂಥ ತೋಪನ್ನು, ಬೆಟ್ಟ, ಕೋಟೆ, ಹೊಳೆ ಸಮೇತ, ನಾನು ಒಂದು ಬೆಳಿಗ್ಗೆ ಬಣ್ಣದ ಕಾಗದದಲ್ಲಿ ಸುತ್ತಿ ಬೇರೆಯವರಿಗೆ ಕೊಟ್ಟುಬಿಟ್ಟೆ.

ತಪ್ಪು ನನ್ನದೇ. ಒಪ್ಪಿಕೊಳ್ಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ನನಗೆ ಎಷ್ಟು ಸಿಟ್ಟು ಬಂದಿತ್ತು ಎಂಬುದನ್ನು ನೀವು ಕೇಳಲೇಬೇಕು. ಕೇಳಿದ ಮೇಲೆ, ಆ ಸಿಟ್ಟಿಗೆ ಕಾರಣವೇ ಇರಲಿಲ್ಲ ಎಂದು ಯಾರಾದರೂ ಹೇಳಲಿ ನೋಡೋಣ!

ಈ ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಬಾವ ಎನ್ನುತ್ತಾರೆ. ನಾವಿಬ್ಬರೂ ಜಗಳಕ್ಕೆ ನಿಂತರೆ, ಹೊರಗೆ ಹೋಗುವವರಿಗೆ ಯಾರೋ ಒಬ್ಬನೇ ಮನುಷ್ಯ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾನೆ ಎನ್ನಿಸಬೇಕು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮಾಲೂರಿನ ಕಡೆಯಿಂದ ಹೊಸೂರಿಗೆ ಬಂದು, ಫ್ಯಾಕ್ಟರಿಯಲ್ಲಿ ದುಡಿದು, ಅಲ್ಲಿನ ಆಲಸನತ್ತಂನಲ್ಲಿ ಮನೆ ಕಟ್ಟಿಕೊಂಡವನು. ಅವರು ಕೆಲಮಂಗಲದವರು, ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ದಲ್ಲಾಳಿ. ಮಂಡಿ ವ್ಯವಹಾರವನ್ನೆಲ್ಲ ಮಗನಿಗೆ ವಹಿಸಿ ಬಹಳ ವರ್ಷವಾಯಿತು. ಮಗನಿಗೆ ವಹಿಸದೆ ಉಳಿಸಿಕೊಂಡದ್ದು ಎರಡು: ಕಣ್ಣು ಮತ್ತು ಟವೆಲ್ಲು.

ಕಣ್ಣೆಂದರೆ, ನಮ್ಮ ಕಡೆ ಮಾವಿನ ತೋಟವನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುತ್ತಾರೆ. ಕಾಯಿ ಇನ್ನೂ ಹುಟ್ಟಿರುವುದಿಲ್ಲ. ದಲ್ಲಾಳಿ ಮರಗಳ ನಡುವೆ ಒಂದು ಸುತ್ತು ಹಾಕಿ, ತಲೆಯೆತ್ತಿ ಹೂವು ನೋಡಿ, ಇಷ್ಟು ಫಸಲು ಎಂದು ಅಂದಾಜು ಹೇಳಬೇಕು. ಜೀವನವೆಲ್ಲ ಹೀಗೆ ತಲೆಯೆತ್ತಿ ನೋಡಿದವರಿಗೆ ತಲೆ ಇಳಿಸುವುದು ಮರೆತುಹೋಗುತ್ತದೆಯೋ ಏನೋ! ಭಾವನವರು ಮದುವೆ ಮನೆಗೆ ಬಂದರೆ ಪಂಕ್ತಿಯನ್ನು ಅಂದಾಜು ಮಾಡುತ್ತಾರೆ. ಬಸ್ ಹತ್ತಿದರೆ ಜನರನ್ನು ಅಂದಾಜು ಮಾಡುತ್ತಾರೆ. ಒಮ್ಮೆ ನನ್ನ ತಲೆಯನ್ನೇ ದಿಟ್ಟಿಸಿ ನೋಡಿ, "ಬಾವ, ಈ ಸಲ ನೆತ್ತಿ ಕಡೆ ಪೂರ್ತಿ ಉದುರೋಗೈತೆ, ಓರೆಲಿ ಸ್ವಲ್ಪ ನಿಂತೈತೆ" ಎಂದರು. ಬೀಗರು ಕೂತಿದ್ದ ಮನೆಯಲ್ಲಿ!

ಇನ್ನು ಟವೆಲ್ಲು. ದನದ ಸಂತೆಯಲ್ಲಿ ನೀವು ನೋಡಿರಬಹುದು. ಕೊಳ್ಳುವವನು, ಮಾರುವವನು ಇಬ್ಬರೂ ಕೈ ಚಾಚುತ್ತಾರೆ, ಮೇಲೆ ಟವೆಲ್ ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೈ ಎಳೆದುಕೊಳ್ಳುವುದು. ಒಪ್ಪಿಗೆಯಾದರೆ ಅಂಗೈಗೆ ಅಂಗೈ ಸೇರಿಸಿ ಬಿಗಿಯಾಗಿ ಮುಚ್ಚುವುದು. "ಅಂಗೈ ಮುಚ್ಚಿದ್ಮ್ಯಾಕೆ ಮುಗೀತು ಬಾವ. ಆ ಮಾತ್ನ ಮತ್ತೆ ಯಾರೂ ಎತ್ತಂಗಿಲ್ಲ. ನಷ್ಟ ಆದ್ರೂ ಎತ್ತಂಗಿಲ್ಲ. ಮಂಡಿ ಧರ್ಮ ಅದು" ಎಂದು ಭಾವನವರು ನನಗೆ ಹೇಳಿಕೊಟ್ಟಿದ್ದರು. ಯಾಕೆ ಹೇಳಿಕೊಟ್ಟರು? ನಾನು ಎಂದಾದರೂ ಮಾವು ಮಾರುತ್ತೇನೆಯೇ? ಬೆಲೆ ಮಾತಾಡಲು ಬಿಟ್ಟರೆ ಆ ಟವೆಲ್ ಹೆಗಲ ಮೇಲಿಂದ ಇಳಿದದ್ದನ್ನು ನಾನು ಕಂಡಿಲ್ಲ. ಅವರು ತರಕಾರಿಯವಳ ಕೈಮೇಲೂ ಅದನ್ನು ಹಾಕಲು ಹೋಗಿ ಬೈಸಿಕೊಂಡಿದ್ದಾರೆ.

ಇಂಥವರಿಗೆ ಹಾಲೆಂಡು ಗಂಟುಬಿದ್ದದ್ದು ಹೀಗೆ. ಕೆಲಮಂಗಲದ ಹತ್ತಿರ ಗುಲಾಬಿ ಬೆಳೆಯುವ ಒಂದು ಹಸಿರುಮನೆಗೆ ಆ ದೇಶದ ಒಬ್ಬ ಬಿಳಿಯ ಮನುಷ್ಯ ಬಂದಿದ್ದ, ಗಿಡ ಸವರುವುದನ್ನೂ ಹನಿ ನೀರು ಬಿಡುವುದನ್ನೂ ಕಲಿಸಲು. ಆತನಿಗೆ ಮಾವಿನ ಹುಚ್ಚು ಹಿಡಿಯಿತು. ಭಾವನವರು ಬುಟ್ಟಿಬುಟ್ಟಿ ಹಣ್ಣು ಸರಬರಾಜು ಮಾಡಿದರು. ಒಬ್ಬರಿಗೆ ಇಂಗ್ಲಿಷ್ ಬರುವುದಿಲ್ಲ, ಇನ್ನೊಬ್ಬನಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರುವುದಿಲ್ಲ. ಮಾತೆಲ್ಲ ಟವೆಲ್ಲಿನೊಳಗೆ! ಊರಿಗೆ ಹೊರಡುವಾಗ ಆ ಮನುಷ್ಯ ತನ್ನ ಕೋಣೆಯ ಗೋಡೆ ಮೇಲಿದ್ದ ಒಂದು ಚಿತ್ರವನ್ನು ಬಿಚ್ಚಿ ಭಾವನವರ ಕೈಗಿಟ್ಟು ಹೋದ.

ಅವರ ದೇಶದ ಯಾರೋ ಹಳೆಯ ಕಾಲದಲ್ಲಿ ಬರೆದ ಚಿತ್ರದ ಅಚ್ಚು ಪ್ರತಿ ಅದು, ಕಪ್ಪು ಚೌಕಟ್ಟು, ಗಾಜು. ಬಲಗಡೆ ಒಂದು ಬೆಟ್ಟ. ತುದಿಯಲ್ಲಿ ಕೋಟೆ, ಒಂದು ದುಂಡು ಬುರುಜು, ಒಂದು ಮಗ್ಗುಲು ಕುಸಿದಿದೆ. ಕೆಳಗೆ ಹೊಳೆ, ಅಂಕುಡೊಂಕು ದಾರಿ, ದಟ್ಟವಾಗಿ ಮರಗಳು. ಒಂದು ಮರದ ಬುಡದಲ್ಲಿ ಇರುವೆಗಾತ್ರದ ಇಬ್ಬರು ಮನುಷ್ಯರು, ಒಬ್ಬರ ಮೈಮೇಲೆ ಕೆಂಪು ಬಟ್ಟೆ. ಅರ್ಧ ಚಿತ್ರಕ್ಕಿಂತ ಹೆಚ್ಚು ಬರೀ ಮೋಡ.

ಭಾವನವರು ನನ್ನನ್ನು ಕೆಲಮಂಗಲಕ್ಕೆ ಕರೆಸಿ ತೋರಿಸಿದರು. ನಾನು ಕೋಟೆ ಚೆನ್ನಾಗಿದೆ ಎಂದೆ. ಅವರು ಕೋಟೆಯನ್ನು ನೋಡಿಯೇ ಇರಲಿಲ್ಲ!

"ಮರ ನೋಡಿ ಬಾವ. ಹೊಳೆ ಕಡೆ ಇರೋವು ಒಳ್ಳೆ ಮರ. ಕೋಟೆ ಕಡೆ ಗಾಳಿ ಜಾಸ್ತಿ, ಪಿಂದೆಕಾಯಿ ನಿಲ್ಲಾಕಿಲ್ಲ. ಆದ್ರೆ ಈ ಪಾಟಿ ಮೋಡ ಕಟ್ಕಂಡ್ರೆ ಹೂವು ಕರ್ರಗಾಗೋಯ್ತದಲ್ಲ, ಔಷಧಿ ಹೊಡೆಯೋರು ಯಾರೂ ಇಲ್ವಾ ಆ ಊರಾಗೆ?"

"ಭಾವ, ಅದು ಮಾವಿನ ಮರ ಅಲ್ಲ. ಹಾಲೆಂಡಿನಲ್ಲಿ ಮಾವು ಬೆಳೆಯೋದಿಲ್ಲ. ಅಲ್ಲಿ ಚಳಿ."

"ನೀವು ನೋಡಿದ್ದೀರಾ?"

"ನೋಡಿಲ್ಲ."

"ಮತ್ತೆ?"

ನಾನು ಬಿಡಲಿಲ್ಲ. ಮನೆಗೆ ಬಂದು ಮೊಮ್ಮಗಳ ಫೋನಿನಲ್ಲಿ ಹುಡುಕಿಸಿದೆ. ಆ ದೇಶದಲ್ಲಿ ಮಾವು ಇರಲಿ, ಬೆಟ್ಟವೇ ಇಲ್ಲವಂತೆ! ನೆಲವೆಲ್ಲ ರೊಟ್ಟಿಯ ಹಂಚಿನ ಹಾಗೆ ಮಟ್ಟಸವಂತೆ. ಚಿತ್ರ ಬರೆಯುವವರು ಬೇರೆ ದೇಶಕ್ಕೆ ನಡೆದುಹೋಗಿ ಬೆಟ್ಟ ನೋಡಿಕೊಂಡು ಬಂದು ಬರೆಯುತ್ತಿದ್ದರಂತೆ. ಕೆಲವರು ಹೋಗದೆಯೇ ಮನಸ್ಸಿನಲ್ಲಿ ಬೆಟ್ಟ ಕಟ್ಟಿಕೊಂಡು ಬರೆಯುತ್ತಿದ್ದರಂತೆ. ಗೆದ್ದೆ ಎಂದುಕೊಂಡೆ. ಮಾರನೆಯ ದಿನವೇ ಕೆಲಮಂಗಲದ ಬಸ್ ಹತ್ತಿ ಹೋಗಿ, ಭಾವನವರ ಮುಂದೆ ನಿಂತು, ಹಾಲೆಂಡಿನಲ್ಲಿ ಬೆಟ್ಟವೇ ಇಲ್ಲ ಎಂದು ಸಾರಿದೆ.

ಭಾವನವರು ಒಮ್ಮೆ ಚಿತ್ರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ಎದ್ದರು.

"ಅಂಗಾದ್ರೆ ಇದು ನಮ್ ಬೆಟ್ಟಾನೇ ಬಾವ! ಅವ್ನಿಗೆ ಅಲ್ಲಿ ಬೆಟ್ಟ ಇಲ್ಲ, ಇಲ್ಲಿಗೆ ಬಂದು ಬರ್ಕಂಡೋಗವ್ನೆ. ನಡೀರಿ, ಯಾವ್ ಬೆಟ್ಟ ಅಂತ ನೋಡ್ಬುಡವ!"

ನಾನೇ ಹೋಗಿ ತಂದ ಸಾಕ್ಷಿ! ನನ್ನ ಬಸ್ ಚಾರ್ಜಿನಲ್ಲಿ!

ಕೃಷ್ಣಗಿರಿ ಕೋಟೆಯ ಬೆಟ್ಟಕ್ಕೆ ಹೋಗುವುದೆಂದು ಅವರೇ ತೀರ್ಮಾನ ಮಾಡಿದರು. ದಾರಿಯಲ್ಲಿ ರಾಯಕೋಟೆ ಸಿಗುತ್ತದೆ, ಅಲ್ಲೂ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಬಿಸಿಲಲ್ಲಿ ಅಷ್ಟು ದೂರ ಯಾಕೆ, ಇಲ್ಲೇ ಇಳಿದು ನೋಡಿಬಿಡೋಣ ಎಂದೆ. "ಅಲ್ಲಿ ಬ್ಯಾಡ" ಎಂದರು, ಕತ್ತರಿಸಿದ ಹಾಗೆ. ಬಸ್ಸು ರಾಯಕೋಟೆ ದಾಟುವವರೆಗೂ ಮುಖ ಆಚೆ ಕಡೆಗೆ ತಿರುಗಿಸಿಕೊಂಡಿದ್ದರು. ಹಟ ಎಂದರೆ ಇದು ಎಂದುಕೊಂಡೆ.

ಚಿತ್ರವನ್ನು ಹಾಸಿಗೆಯ ಬೆಡ್‌ಶೀಟಿನಲ್ಲಿ ಸುತ್ತಿ ಹಿಡಿದಿದ್ದರು. ಕಂಡಕ್ಟರ್ ಬಗ್ಗಿ ನೋಡಿ, "ಎನ್ನ ಅಯ್ಯಾ ಇದು, ಸಾಮಿ ಪಡಮಾ?" ಎಂದ. ದೇವರ ಪಟವೇ ಎಂದು ಕೇಳಿದ್ದು. ಭಾವನವರು ತಟ್ಟನೆ, "ಆಮಾ, ಸಾಮಿದಾನ್" ಎಂದುಬಿಟ್ಟರು. ಮುಗಿಯಿತು! ಕಿಟಕಿ ಪಕ್ಕ ಕೂತಿದ್ದ ಒಬ್ಬ ಹೆಂಗಸು ಎದ್ದು ಪಟಕ್ಕೆ ಜಾಗ ಕೊಟ್ಟಳು. ಇನ್ನೊಬ್ಬಳು ಮುಡಿಯಿಂದ ಒಂದು ತುಂಡು ಮಲ್ಲಿಗೆ ತೆಗೆದು ಬೆಡ್‌ಶೀಟಿನ ಮೇಲಿಟ್ಟು ಕೆನ್ನೆ ಬಡಿದುಕೊಂಡಳು. ಹಾಲೆಂಡಿನ ಕೋಟೆ ಕಿಟಕಿ ಗಾಳಿ ಕುಡಿಯುತ್ತಾ ಕೃಷ್ಣಗಿರಿಯವರೆಗೂ ಕೂತು ಬಂತು. ನಾನು ನಿಂತು ಬಂದೆ.

ಬೆಟ್ಟದ ಬುಡದಲ್ಲಿ ಚಿತ್ರವನ್ನು ಎತ್ತಿಹಿಡಿದು ಹೋಲಿಕೆ ಶುರುವಾಯಿತು. ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು.

"ಹೊಳೆ ಎಲ್ಲಿ ಭಾವ?"

"ಡ್ಯಾಮ್ ಕಟ್ಟವ್ರಲ್ಲ, ಅತ್ಲಾಗೆ ಹೋಗ್ಬುಟ್ಟೈತೆ."

"ಬುರುಜು?"

"ಬಿದ್ದೋಗೈತೆ."

"ಇಷ್ಟೊಂದು ಮರ?"

"ಹೈವೇಗೆ ಕಡ್ದವ್ರೆ."

"ಚಿತ್ರದಲ್ಲಿ ಬೆಟ್ಟ ಬಲಗಡೆ ಇದೆ. ನಿಜವಾದದ್ದು ಎಡಗಡೆ ಇದೆ!"

"ಬಾವ, ಅವ್ನು ಆ ಕಡೆ ನಿಂತು ಬರ್ದವ್ನೆ. ನಡೀರಿ."

ಆ ಕಡೆಗೆ ನಡೆದೆವು. ಮಟಮಟ ಮಧ್ಯಾಹ್ನದಲ್ಲಿ ಬೆಟ್ಟದ ಸುತ್ತ! ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕಾದ ಬಂಡೆಯ ಮೇಲೆ ಒಂದು ಕಾಲಲ್ಲಿ ಕುಣಿಯುತ್ತಾ ಬರುತ್ತಿದ್ದ ನನ್ನನ್ನು ನೋಡಿ ಮೇಕೆ ಕಾಯುತ್ತಿದ್ದ ಮುದುಕಿಯೊಬ್ಬಳು, ಇದು ಹರಕೆಯೇ ಎಂದು ವಿಚಾರಿಸಿದಳು. ಆ ಕಡೆ ಹೋದರೆ ಬೆಟ್ಟದ ಮುಂದೆ ಯಾರದೋ ಕಲ್ಯಾಣ ಮಂಟಪ. ಭಾವನವರು ಚಿತ್ರವನ್ನು ಇಳಿಸಿ, ಮುಖ ಒರೆಸಿಕೊಂಡು, "ಇದೇ ಬೆಟ್ಟ. ಅವ್ನು ಬಂದಾಗ ಮಂಟಪ ಇರ್ಲಿಲ್ಲ" ಎಂದು ತೀರ್ಪು ಕೊಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ವಾರವಾಗಲಿಲ್ಲ, ಆ ಚಿತ್ರ ನನ್ನ ಮನೆಗೇ ಬಂತು. ನಾನು ರೇಷನ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಭಾವನವರು ಸ್ಟೂಲಿನ ಮೇಲೆ ನಿಂತು ನನ್ನ ಹಾಲಿನ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಅವರ ಮನೆಯಲ್ಲಿ ಹಣ್ಣು ಮಾಗಿಸಲು ಹುಲ್ಲು ತುಂಬಿರುತ್ತಾರಂತೆ, ಚಿತ್ರಕ್ಕೆ ತೇವ ತಗಲುತ್ತದಂತೆ. ಒಂದು ಫಸಲು ಮುಗಿಯುವ ತನಕ ಇಲ್ಲಿರಲಿ ಎಂದರು. ಫಸಲು ಎಷ್ಟೋ ಬಂದವು, ಎಷ್ಟೋ ಹೋದವು.

ಮೊಳೆ ಹೊಡೆದದ್ದಾದರೂ ಎಲ್ಲಿ? ಸೋಫಾದ ಎದುರಿಗೆ ಅಗಲವಾದ ಗೋಡೆ ಖಾಲಿ ಇತ್ತು. ಬಂದವರು ಕೂತು ನೋಡಬಹುದಿತ್ತು. ಅದನ್ನು ಬಿಟ್ಟು, ಅಡುಗೆಮನೆಯ ಬಾಗಿಲ ಎದುರಿನ ಗೋಡೆ ಆರಿಸಿದರು. ಅಲ್ಲಿ ಹಾಕಿದರೆ ಸೋಫಾದಲ್ಲಿ ಕೂತವರು ಕತ್ತು ಮುರಿದುಕೊಳ್ಳಬೇಕು! ಅಲ್ಲಿ ನನ್ನ ಗಡಿಯಾರ ಬೇರೆ ಇತ್ತು. ನಾನು ನಿವೃತ್ತನಾದ ದಿನ ಫ್ಯಾಕ್ಟರಿಯವರು ಶಾಲು ಹೊದಿಸಿ ಕೊಟ್ಟ ಗಡಿಯಾರ, ಕೆಳಗೆ ನನ್ನ ಹೆಸರು ಕೆತ್ತಿದೆ. ಅದನ್ನು ಬಿಚ್ಚಿ ಸ್ಟೋರ್ ರೂಮಿನಲ್ಲಿ ಅಕ್ಕಿ ಡ್ರಮ್ಮಿನ ಮೇಲೆ ಮಲಗಿಸಿದ್ದರು. ಯಾಕೆ ಎಂದರೆ, "ಟಿಕ್ ಟಿಕ್ ಅಂತಿದ್ರೆ ತೋಪು ನೋಡಾಕಾಯ್ತದಾ ಬಾವ?" ಎಂದು ನನ್ನನ್ನೇ ಕೇಳಿದರು. ಹೆಂಡತಿಯ ಮುಖ ನೋಡಿದೆ, ನ್ಯಾಯ ಸಿಗುತ್ತದೇನೋ ಎಂದು. ಅವಳು ಸೆರಗಿನಿಂದ ಗಾಜು ಒರೆಸುತ್ತಿದ್ದಳು.

ಒಂದು ಲಾಭ ಮಾತ್ರ ಆಯಿತು. ಅಂದಿನಿಂದ ಭಾವನವರು ಕೃಷ್ಣಗಿರಿ ಬೆಟ್ಟದ ಮಾತೆತ್ತಲಿಲ್ಲ. ಬಿಸಿಲು ತಲೆಗೇರಿ ಬುದ್ಧಿ ಬಂತು ಎಂದುಕೊಂಡು ಒಳಗೊಳಗೇ ನಕ್ಕೆ. ಬುದ್ಧಿ ಬರಬೇಕಾದದ್ದು ಯಾರಿಗೆ ಎಂಬುದು ಆಗ ಗೊತ್ತಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ತೋಪಿನ ಭೇಟಿ. ಕೆಲಮಂಗಲದ ಬಸ್ಸಿನಿಂದಿಳಿದು ಬಂದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನನಗೆ ಬೆನ್ನು ತೋರಿಸಿ ಕೂರುವರು. ಒಂದಾದ ಮೇಲೆ ಒಂದು ಕಾಫಿ. ಅಡುಗೆಮನೆಯಿಂದ ನಮ್ಮವಳು, "ಅಣ್ಣಾ, ಹೂವು ಎಂಗೈತೆ?" ಎನ್ನುವಳು. ಇವರು, "ಹೊಳೆ ಕಡೆ ಪರ್ವಾಗಿಲ್ಲ ಕಣಮ್ಮ" ಎನ್ನುವರು. ಬೇಸಿಗೆಯಲ್ಲಿ ಒಂದು ಪೆಟ್ಟಿಗೆ ಹಣ್ಣು ತಂದು, "ತಗೋ, ನಿನ್ ತೋಪಿಂದು" ಎಂದು ಅವಳ ಮುಂದಿಡುವರು. ಇವಳೂ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುವಳು! ಚಿತ್ರದಲ್ಲಿ ಹಣ್ಣು ಬಿಡುತ್ತದೆಯೇ? ಅಣ್ಣನಿಗೆ ಹುಚ್ಚು ಎಂದರೆ ತಂಗಿಗೂ ಹುಚ್ಚೇ? ಗೋಡೆಗೆ ಎಣ್ಣೆ ಹಚ್ಚಿದ ತಲೆ ಆನಿಸಿದರೆ ನನಗೆ ಬೈಗುಳ. ಊದುಬತ್ತಿ ಹಚ್ಚಿದರೆ, ಹೊಗೆ ತಾಗುತ್ತದೆ ಎಂದು ಬೈಗುಳ. ನನ್ನ ಮನೆಯಲ್ಲಿ ನನ್ನ ದೇವರಿಗೆ ಊದುಬತ್ತಿ ಹಚ್ಚುವಂತಿಲ್ಲ!

ಕಳೆದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಒಂದು ಭಾನುವಾರ ಅವರು ಒಬ್ಬರೇ ಬರಲಿಲ್ಲ. ಮಂಡಿಯ ಹಳೆಯ ಸ್ನೇಹಿತರಿಬ್ಬರನ್ನು ಕರೆತಂದರು, ತೋಪು ತೋರಿಸಲು. ಮೂವರೂ ಗೋಡೆಯ ಮುಂದೆ ಸಾಲಾಗಿ ನಿಂತರು. ಫಸಲಿನ ಬಗ್ಗೆ ಜಗಳವಾಯಿತು. ಟವೆಲ್ ಇಳಿಯಿತು, ಬೆರಳು ಹಿಡಿದರು, ಕೈ ಎಳೆದುಕೊಂಡರು, ಮತ್ತೆ ಹಿಡಿದರು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ; ಕೂರಲು ಕುರ್ಚಿ ಇರಲಿಲ್ಲ. ಅವರಲ್ಲೊಬ್ಬ ದಪ್ಪ ಮೀಸೆಯವನು ನನ್ನ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದ.

"ಇವ್ರು ಯಾರು? ತೋಪಿನ್ ಕಾವಲಾ?"

ನನ್ನ ಮನೆಯಲ್ಲಿ! ನಾನು ಸಾಲ ಮಾಡಿ ಕಟ್ಟಿದ ಮನೆಯಲ್ಲಿ! ಭಾವನವರು ಜೋರಾಗಿ ನಕ್ಕರು. ಅಡುಗೆಮನೆಯಲ್ಲೂ ಒಂದು ನಗು ಕೇಳಿಸಿತು. ಮೂವರೂ ಅವರೆಕಾಳು ಸಾರು, ಮುದ್ದೆ ಉಂಡು ಹೋದರು. ನನಗೆ ಮುದ್ದೆ ಇಳಿಯಲಿಲ್ಲ. ಈಗ ಹೇಳಿ, ಸಿಟ್ಟು ಬರಬೇಕೋ ಬೇಡವೋ?

ಆ ವಾರ ನಮ್ಮವಳು ಅಣ್ಣನ ಮನೆಗೆ ಅವರೆಕಾಯಿ ಬಿಡಿಸಲು ಹೋದಳು. ಅದೇ ಹೊತ್ತಿಗೆ, ನನ್ನ ಜೊತೆ ಫ್ಯಾಕ್ಟರಿಯಲ್ಲಿದ್ದ ಸ್ನೇಹಿತನೊಬ್ಬನ ಹೊಸ ಮನೆಯ ಗೃಹಪ್ರವೇಶ ಬಂತು, ನಮ್ಮ ಹಿಂದಿನ ಲೇಔಟಿನಲ್ಲೇ. ಉಡುಗೊರೆ ಕೊಡಬೇಕು. ಗೋಡೆ ನೋಡಿದೆ. ಕೈ ತಾನಾಗಿ ಮೇಲೆ ಹೋಯಿತು. ಫ್ಯಾನ್ಸಿ ಸ್ಟೋರಿನಲ್ಲಿ ಹೊಳೆಯುವ ಕಾಗದ ಸುತ್ತಿಸಿ, ರಿಬ್ಬನ್ ಕಟ್ಟಿಸಿ, ಚೀಟಿಯ ಮೇಲೆ ನನ್ನ ಹೆಸರು ಬರೆದು "ಮತ್ತು ಕುಟುಂಬ" ಎಂದು ಸೇರಿಸಿ ಅಂಟಿಸಿದೆ. ಕುಟುಂಬಕ್ಕೆ ಗೊತ್ತೇ ಇರಲಿಲ್ಲ! ಮನೆಗೆ ಬಂದು ಗಡಿಯಾರವನ್ನು ಅಕ್ಕಿ ಡ್ರಮ್ಮಿನ ಮೇಲಿಂದ ಎಬ್ಬಿಸಿ, ಒರೆಸಿ, ಹಳೆಯ ಜಾಗದಲ್ಲಿ ತೂಗುಹಾಕಿ, ಅದರ ಟಿಕ್ ಟಿಕ್ ಕೇಳುತ್ತಾ ಕಾಫಿ ಕುಡಿದೆ. ಎಂಥ ಕಾಫಿ!

ಅಂದು ಸಂಜೆಯೇ ಹೆಂಡತಿ ಬಂದಳು. ಗಾಜು ಬಿರುಕು ಬಿಟ್ಟಿತ್ತು, ಫ್ರೇಮಿನ ಅಂಗಡಿಗೆ ಕೊಟ್ಟಿದ್ದೇನೆ ಎಂದೆ. "ಓ" ಎಂದಳು, ಅಷ್ಟೆ. ಭಾನುವಾರ ಭಾವನವರು ಬಂದರು. ಅವರಿಗೂ ಅದನ್ನೇ ಹೇಳಿದೆ. ಯಾವ ಅಂಗಡಿ ಎಂದು ಕೇಳಿದರು. ಬಸ್‌ಸ್ಟ್ಯಾಂಡ್ ಹತ್ತಿರ ಎಂದು ಗೊಣಗಿದೆ. ಅವರು ಕುರ್ಚಿ ತಿರುಗಿಸಿಕೊಳ್ಳಲಿಲ್ಲ. ಗಡಿಯಾರವನ್ನು ಸ್ವಲ್ಪ ಹೊತ್ತು ನೋಡಿದರು, ಕಾಫಿ ಬೇಡ ಎಂದು ಎದ್ದು ಹೋದರು. ಒಂದು ಬೈಗುಳವಾದರೂ ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅಂದು ಮಧ್ಯಾಹ್ನ ಸಾರಿನ ಒಗ್ಗರಣೆ ಸೀದುಹೋಯಿತು. ಇಷ್ಟು ವರ್ಷದಲ್ಲಿ ನಮ್ಮವಳ ಒಗ್ಗರಣೆ ಸೀದದ್ದನ್ನು ನಾನು ಕಂಡಿರಲಿಲ್ಲ. ಹೋಗಿ ನೋಡಿದರೆ, ಕೈಯಲ್ಲಿ ಸೌಟು ಹಿಡಿದು, ತಲೆಯೆತ್ತಿ, ಬಾಗಿಲಿನಾಚೆ ಗಡಿಯಾರದ ಕಡೆ ನೋಡುತ್ತಿದ್ದಳು.

"ಟೈಮು ನೋಡ್ತಿದ್ದೀಯಾ?" ಎಂದೆ, ತಮಾಷೆಗೆ.

"ಟೈಮೆಲ್ಲಿ ನೋಡ್ಲಿ" ಎಂದಳು. "ಒಲೆ ಮುಂದೆ ನಿಂತ್ರೆ ಕಣ್ಣು ಅಲ್ಲಿಗೇ ಹೋಯ್ತದೆ. ಅಭ್ಯಾಸ ಆಗೋಗೈತೆ. ಯಾವಾಗ ಕೊಡ್ತಾನಂತೆ ಫ್ರೇಮಿನೋನು?"

"ಆ ಚಿತ್ರದಲ್ಲಿ ಅಂಥದ್ದೇನಿದೆ?"

ಅವಳು ಒಲೆ ಆರಿಸಿದಳು. "ರಾಯಕೋಟೆ ಬೆಟ್ಟದ ಕೆಳಗೆ ನಮ್ಮಪ್ಪನ್ ತೋಪಿತ್ತು. ಹಣ್ಣಿನ್ ಕಾಲ್ದಲ್ಲಿ ನಾನೂ ಅಣ್ಣಾನೂ ಗಿಣಿ ಓಡಿಸ್ಕಂಡು ಮರದ ಬುಡದಾಗೇ ಇರ್ತಿದ್ವಿ. ನಂಗೊಂದು ಕೆಂಪು ಲಂಗ ಇತ್ತು. ತಲೆಯೆತ್ತಿದ್ರೆ ಮೇಲೆ ಕೋಟೆ. ಅವತ್ತು ನೀವು ರೇಷನ್ನಿಗೆ ಹೋಗಿದ್ದಾಗ ಅಣ್ಣ ನಿಮ್ಮನ್ನ ಬಿಸ್ಲಲ್ಲಿ ಸುತ್ತಾಡ್ಸಿದ್ದು ಹೇಳಿ ನಗ್ಸಾಣ ಅಂತ ಪಟ ತಂದಿದ್ದ. ಬೆಡ್‌ಶೀಟ್ ಬಿಚ್ಚಿದ್ ತಕ್ಷಣ ನಾನು, 'ಅಯ್ಯೋ, ಅಣ್ಣಾ, ನಮ್ ತೋಪು!' ಅಂದ್ಬುಟ್ಟೆ. ಅವ್ನು ನಗ್ಲೇ ಇಲ್ಲ. ನಾನು ಒಲೆ ಮುಂದೆ ನಿಂತ್ರೆ ಎಲ್ಲಿ ಕಾಣ್ತದೆ ಅಂತ ನೋಡಿ ಮೊಳೆ ಹೊಡ್ದ."

"ಆ ತೋಪು ಏನಾಯಿತು?"

"ನಮ್ ಮದ್ವೆ ಖರ್ಚಿಗೆ ಮಾರ್ಬುಟ್ರಲ್ಲ. ಆಗ ತುಂಬ ಹೂವಾಗಿತ್ತು. ಈಗ ಅಲ್ಲಿ ಸೈಟು ಆಗವೆ."

"ನನಗೆ ಯಾರೂ ಹೇಳಲೇ ಇಲ್ಲ!"

"ನೀವು ಕೇಳ್ಲಿಲ್ಲ" ಎಂದಳು. ಕೋಪದಿಂದಲ್ಲ. ಸೀದ ಒಗ್ಗರಣೆಯನ್ನು ಚೆಲ್ಲಿ ಹೊಸದಕ್ಕೆ ಎಣ್ಣೆ ಇಟ್ಟಳು.

ನನ್ನ ಸಿಟ್ಟು ಆಗಲೂ ಹೋಗಲಿಲ್ಲ. ತಿರುಗಿ ನನ್ನ ಮೇಲೇ ಬಂತು. ಮುಖಕ್ಕೆ ನೀರು ಹಾಕಿಕೊಂಡು ಸ್ನೇಹಿತನ ಮನೆಗೆ ಓಡಿದೆ.

"ಲೋ, ನಾನು ಕೊಟ್ಟ ಪಟ ಎಲ್ಲೋ?"

"ಯಾವ್ ಪಟ ಕಣ್ಲಾ?"

"ಗೃಹಪ್ರವೇಶಕ್ಕೆ ಕೊಟ್ಟದ್ದು. ಹೊಳೆಯೋ ಕಾಗದ."

"ಓ ಅದಾ! ಬಿಚ್ಚೇ ಇಲ್ಲ ಕಣ್ಲಾ. ಅದರ ಮಾರ್ನೇ ದಿನಾನೇ ಕೆಲಮಂಗಲದಾಗೆ ನಮ್ ಬೀಗ್ರ ಗೃಹಪ್ರವೇಶ ಇತ್ತು, ಗೊಬ್ಬರದ್ ಅಂಗಡಿ ಅವ್ರದು. ಅಂಗೇ ಎತ್ಕಂಡೋಗಿ ಕೊಟ್ಬುಟ್ಟೆ."

"ನನ್ನ ಹೆಸರು ಅಂಟಿಸಿತ್ತಲ್ಲೋ!"

"ಅದ್ರ ಮ್ಯಾಲೆ ನನ್ ಹೆಸ್ರು ಅಂಟಿಸ್ದೆ" ಎಂದ, ನಾನು ತಿಳಿಗೇಡಿ ಎಂಬ ಹಾಗೆ.

ಬೈಯೋಣವೆಂದರೆ ಬಾಯಿ ಎಲ್ಲಿದೆ? ಹೊಸೂರು ಸೀಮೆಯಲ್ಲಿ ತೈ ತಿಂಗಳಿನ ಉಡುಗೊರೆಗಳು ಒಂದು ಮನೆಯಲ್ಲಿ ನಿಂತದ್ದುಂಟೇ? ನಮ್ಮ ಗೃಹಪ್ರವೇಶಕ್ಕೆ ಬಂದ ಹಾಟ್‌ಬಾಕ್ಸುಗಳು ಎಷ್ಟು ಮನೆ ನೋಡಿದವೋ! ಕೆಲಮಂಗಲಕ್ಕೆ ಹೋದೆ. ಗೊಬ್ಬರದ ಅಂಗಡಿಯವರು ತೆಲುಗಿನವರು. ನಾನು ಇಂಥವನು ಎಂದು ಹೇಳಿಕೊಂಡ ಕೂಡಲೇ, "ರಂಡಿ ರಂಡಿ, ಬನ್ನಿ, ಕೂತ್ಕೊಳ್ಳಿ" ಎಂದು ಮೂಟೆಯ ಮೇಲೆ ಕೂರಿಸಿದರು.

"ಆ ಪಟಾನಾ? ನಿಮ್ ಬಾವಗಾರು ತಗೊಂಡೋದ್ರು ಸಾರ್. ನಾವು ಉಡುಗೊರೆ ಬಿಚ್ತಾ ಇದ್ವಿ, ಅವ್ರು ನನ್ ಪಕ್ದಲ್ಲೇ ಟೀ ಕುಡೀತಾ ಕೂತಿದ್ರು. ಮೇಲಿನ್ ಚೀಟಿ ಕಿತ್ರೆ ಅಡಿಯಲ್ಲಿ ಇನ್ನೊಂದ್ ಹೆಸ್ರು! ಎಲ್ರೂ ನಗಾಡಿದ್ರು."

"ಅವರು ಆ ಹೆಸರು ಓದಿದರೇ?"

"ಓದಿದ್ರು. ಅವ್ರು ಮಾತ್ರ ನಗ್ಲಿಲ್ಲ. ಚೀಟಿನ ಉಗುರಲ್ಲಿ ಮೆಲ್ಲಗೆ ಬಿಡ್ಸಿ ಜೇಬಿಗೆ ಹಾಕ್ಕೊಂಡ್ರು. ಈ ಪಟ ನಂಗೆ ಬೇಕು ಅಂದ್ರು. ತಗೊಳ್ಳಿ ಅಂದೆ. ಹೊಸ ಮನೆಯಿಂದ ಸುಮ್ನೆ ತಗೊಂಡೋಗ್ಬಾರ್ದು ಅಂತ, ಮನೆಗೋಗಿ ಅವ್ರ ಗೋಡೆ ಗಡಿಯಾರಾನೇ ಬಿಚ್ಕೊಂಡ್ ಬಂದು ಕೊಟ್ರು ಸಾರ್. ನೋಡಿ, ಅಲ್ಲೈತೆ."

ನೋಡಿದೆ. ಅಂಗಡಿಯ ಗೋಡೆಯ ಮೇಲೆ ಭಾವನವರ ಹಳೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಹಾಗಾದರೆ ಭಾನುವಾರ ಯಾವ ಅಂಗಡಿ ಎಂದು ಕೇಳುವಾಗಲೇ ನನ್ನ ಚೀಟಿ ಅವರ ಜೇಬಿನಲ್ಲಿತ್ತು! ಅಲ್ಲಿಂದ ಭಾವನವರ ಮನೆ ಕೂಗಳತೆಯಲ್ಲಿತ್ತು. ಆ ಕಡೆ ತಿರುಗಲಿಲ್ಲ. ವಾಪಸ್ ಬಸ್ ಹತ್ತಿದೆ.

ಮುಂದಿನ ಭಾನುವಾರಕ್ಕೆ ನಾನು ಸಿದ್ಧನಾಗಿದ್ದೆ. ತಂಗಿಯ ಮುಂದೆ ಚೀಟಿ ತೆಗೆದು ಮುಖದ ಮೇಲೆ ಎಸೆಯುತ್ತಾರೆ, ಎಸೆಯಲಿ; ಕಾಲು ಹಿಡಿಯುತ್ತೇನೆ, ಆಗಲಿ ಎಂದುಕೊಂಡಿದ್ದೆ. ಬಸ್ಸಿನ ಹೊತ್ತಿಗೆ ಸರಿಯಾಗಿ ಭಾವನವರು ಬೆಡ್‌ಶೀಟಿನ ಗಂಟು ಹೊತ್ತು ಬಾಗಿಲಲ್ಲಿ ನಿಂತರು.

"ಏನಮ್ಮಾ, ಬಾ ಇಲ್ಲಿ" ಎಂದು ಕೂಗಿದರು. "ಬಾವನ ಫ್ರೇಮಿನ್ ಅಂಗ್ಡಿಯೋನು ಒಳ್ಳೆ ಮನ್ಷ ಕಣೆ. ಬರೋ ದಾರೀಲಿ ನಾನೇ ಇಸ್ಕಂಡು ಬಂದೆ. ಗಾಜು ಹಾಕವ್ನೆ ನೋಡು, ಬಿರುಕು ಎಲ್ಲಿತ್ತು ಅಂತ್ಲೇ ಗೊತ್ತಾಗಾಕಿಲ್ಲ!"

ನಮ್ಮವಳು ಓಡಿ ಬಂದಳು. ಅವಳ ಮುಖ ನೋಡಲಾರದೆ ನಾನು ಗಡಿಯಾರ ಇಳಿಸಲು ಸ್ಟೂಲು ಹತ್ತಿದೆ. ಭಾವನವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಅಕ್ಕಿ ಡ್ರಮ್ಮಿನ ಕಡೆ ಹೋಗಲಿಲ್ಲ. ಜೇಬಿನಿಂದ ಒಂದು ಮೊಳೆ ತೆಗೆದು, ಸೋಫಾದ ಎದುರಿನ ಅಗಲವಾದ ಗೋಡೆಗೆ ಹೊಡೆದು, ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದರು. ಚಿತ್ರವನ್ನು ಹಳೆಯ ಜಾಗಕ್ಕೆ ಸೇರಿಸಿದರು. ಕುರ್ಚಿ ತಿರುಗಿಸಿ ಕೂತರು. ನಮ್ಮವಳು ಕಾಫಿಗೆ ಒಳಗೆ ಹೋದಳು.

ನಾನು ಪಕ್ಕದಲ್ಲಿ ಕೂತೆ. "ಭಾವ, ನಾನು ಆ ಚಿತ್ರ..." ಎಂದು ಬಾಯಿ ತೆರೆದೆ.

ಹೆಗಲ ಮೇಲಿನ ಟವೆಲ್ ಇ‍ಳಿಯಿತು. ನನ್ನ ಕೈ ಎಳೆದುಕೊಂಡು ಅದರೊಳಗೆ ಹಾಕಿದರು. ಯಾವ ಬೆರಳು ಹಿಡಿಯುತ್ತಾರೆ, ಎಷ್ಟು ಕೇಳುತ್ತಾರೆ ಎಂದು ಕಾದೆ. ಬೆರಳು ಹಿಡಿಯಲಿಲ್ಲ. ಅಂಗೈಗೆ ಅಂಗೈ ಸೇರಿಸಿ ಬಿಗಿಯಾಗಿ ಮುಚ್ಚಿದರು. ಒಣಗಿದ, ದೊರಗು ಕೈ. ಕಣ್ಣು ಮಾತ್ರ ತೋಪಿನ ಮೇಲೇ ಇತ್ತು.

ಮಂಡಿ ಧರ್ಮದ ಪ್ರಕಾರ ನಾನು ಈ ಮಾತನ್ನು ಮತ್ತೆ ಎತ್ತಬಾರದಿತ್ತು. ಬಾಯಲ್ಲಿ ಎತ್ತಿಲ್ಲ, ಬರೆದಿದ್ದೇನೆ ಅಷ್ಟೆ. ನಮ್ಮವಳು ಓದಿದರೆ ಓದಲಿ.

"ಅಣ್ಣಾ, ಹೂವು ಎಂಗೈತೆ?" ಎಂದು ಒಳಗಿನಿಂದ ಧ್ವನಿ ಬಂತು.

ಭಾವನವರು ಟವೆಲ್ಲಿನೊಳಗೆ ನನ್ನ ಕೈಯನ್ನು ಒಮ್ಮೆ ಅದುಮಿದರು. ನಾನು ಹೇಳಬೇಕಂತೆ! ತಲೆಯೆತ್ತಿ ನೋಡಿದೆ. ಬೆಟ್ಟ, ಕೋಟೆ, ಮರದ ಬುಡದಲ್ಲಿ ಆ ಇಬ್ಬರು, ಕೆಂಪು ಬಟ್ಟೆ, ಅದರ ಮೇಲೆ ಅಷ್ಟು ದೊಡ್ಡ ಮೋಡ.

"ಚೆನ್ನಾಗಿ ಬಂದಿದೆ ಕಣೇ" ಎಂದೆ. "ಮೋಡ ಕಟ್ಟಿದೆ, ಆದರೆ ಮಳೆ ಬರೋದಿಲ್ಲ ಬಿಡು."